ಕೀ ಒತ್ತಿದ ಕೂಡಲೇ ಚೆಂಡೆ ಕೇಳಬೇಕಾದರೆ

ಪ್ರಶ್ನೆ: ನಮ್ಮ ಹೈಸ್ಕೂಲಿನ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನ ಮಕ್ಕಳು ಯಕ್ಷಗಾನ ಹಿಮ್ಮೇಳದ ಒಂದು ಪ್ರೋಗ್ರಾಂ ಬರೆಯುತ್ತಿದ್ದಾರೆ. ಭಾಷೆ ಪೈಥಾನ್. ಒಂದೊಂದು ಕೀಗೆ ಚೆಂಡೆ, ಮದ್ದಳೆ, ಜಾಗಟೆಯ ಒಂದೊಂದು ಪೆಟ್ಟು, ಹಿನ್ನೆಲೆಯಲ್ಲಿ ಶ್ರುತಿ. ಇನ್‌ಪುಟ್ ಫಂಕ್ಷನ್‌ನಿಂದ ಅಕ್ಷರ ಓದಿ, ಓಎಸ್ ಡಾಟ್ ಸಿಸ್ಟಮ್ ಮೂಲಕ ಎಪ್ಲೇ ಆಜ್ಞೆ ಕೊಟ್ಟು ವೇವ್ ಫೈಲ್ ನುಡಿಸುತ್ತೇವೆ. ಒಂದು ಪೆಟ್ಟಿನ ನಾದ ಮುಗಿಯುವವರೆಗೆ ಮುಂದಿನ ಕೀ ಕೆಲಸ ಮಾಡುವುದಿಲ್ಲ. ಆಮೇಲೆ ಒತ್ತಿದ್ದೆಲ್ಲ ಸಾಲುಗಟ್ಟಿ ಬರುತ್ತದೆ. ಶ್ರುತಿ ಹಾಕಿದರಂತೂ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.
— ಅಧ್ಯಾಪಕಿ, ಬದಿಯಡ್ಕ

ಉತ್ತರ: ನಿಮ್ಮ ಪ್ರೋಗ್ರಾಂ ಎರಡು ಕಡೆ ಕಾದು ಕೂರುತ್ತಿದೆ. ಇನ್‌ಪುಟ್ ಫಂಕ್ಷನ್ ಎಂಟರ್ ಒತ್ತುವವರೆಗೆ ಕಾಯುತ್ತದೆ. ಓಎಸ್ ಡಾಟ್ ಸಿಸ್ಟಮ್, ತಾನು ಆರಂಭಿಸಿದ ಎಪ್ಲೇ ಮುಗಿಯುವವರೆಗೆ ಕಾಯುತ್ತದೆ. ಆ ಹೊತ್ತಿನಲ್ಲಿ ಒತ್ತಿದ ಕೀಗಳು ಕಳೆದುಹೋಗುವುದಿಲ್ಲ, ಟರ್ಮಿನಲ್‌ನಲ್ಲಿ ಜಮೆಯಾಗಿರುತ್ತವೆ. ಪ್ರೋಗ್ರಾಂಗೆ ಬಿಡುವಾದ ಮೇಲೆ ಒಂದರ ಹಿಂದೆ ಒಂದು ಬರುವುದು ಅದಕ್ಕೇ. ಎಪ್ಲೇ ಆಜ್ಞೆಯ ಕೊನೆಗೆ ಆ್ಯಂಪರ್‌ಸ್ಯಾಂಡ್ ಹಾಕಿ ಹಿನ್ನೆಲೆಗೆ ತಳ್ಳುವವರಿದ್ದಾರೆ. ಕಾಯುವುದು ತಪ್ಪುತ್ತದೆ, ಆದರೆ ಪ್ರತಿ ಪೆಟ್ಟಿಗೂ ಹೊಸ ಪ್ರಕ್ರಿಯೆ ಹುಟ್ಟಬೇಕು, ಫೈಲ್ ಹೊಸದಾಗಿ ತೆರೆಯಬೇಕು. ತಾಳಕ್ಕೆ ಅದು ಆಗದ ಮಾತು.

ಪೈಗೇಮ್ ಬಳಸಿ. ಇದು ಆಟ, ಧ್ವನಿಗಳ ಪ್ರೋಗ್ರಾಂ ಬರೆಯಲು ಇರುವ ಪೈಥಾನ್ ಲೈಬ್ರರಿ. ಉಬುಂಟುವಿನಲ್ಲಿ ಪೈಥಾನ್3-ಪೈಗೇಮ್ ಎಂಬ ಪ್ಯಾಕೇಜ್ ಆಗಿ ಸಿಗುತ್ತದೆ. ಅದರ ಧ್ವನಿ ವಿಭಾಗವಾದ ಮಿಕ್ಸರ್, ಧ್ವನಿಯನ್ನು ತನ್ನದೇ ಬೇರೆ ಥ್ರೆಡ್‌ನಲ್ಲಿ (ಪ್ರೋಗ್ರಾಂ ಜೊತೆಗೇ ಸಮಾನಾಂತರವಾಗಿ ಓಡುವ ಎಳೆ) ಸೌಂಡ್ ಕಾರ್ಡಿಗೆ ಉಣಿಸುತ್ತದೆ. ಪ್ಲೇ ಎಂದು ಹೇಳಿದೊಡನೆ ನಿಯಂತ್ರಣ ನಿಮ್ಮ ಪ್ರೋಗ್ರಾಂಗೆ ಮರಳುತ್ತದೆ. ಪೆಟ್ಟು ನುಡಿಯುತ್ತಿರುವಾಗಲೇ ಮುಂದಿನ ಕೀಯನ್ನು ನೋಡಬಹುದು.

ಬರೆಯುವ ಕ್ರಮ ಹೀಗಿರಲಿ. ಲೂಪಿಗೆ ಮುಂಚೆಯೇ ಎಲ್ಲ ವೇವ್ ಫೈಲುಗಳನ್ನೂ ಮಿಕ್ಸರ್‌ನ ಸೌಂಡ್ ವಸ್ತುಗಳಾಗಿ ಲೋಡ್ ಮಾಡಿ, ಯಾವ ಕೀಗೆ ಯಾವ ಸೌಂಡ್ ಎಂದು ಒಂದು ಡಿಕ್ಷನರಿಯಲ್ಲಿಡಿ. ಸೆಟ್ ಮೋಡ್‌ನಿಂದ 300 ಗುಣಿಲೆ 200ರ ಸಣ್ಣ ಕಿಟಕಿಯನ್ನಾದರೂ ತೆರೆಯಿರಿ. ಕಿಟಕಿ ಇಲ್ಲದಿದ್ದರೆ, ಇದ್ದರೂ ಅದರ ಮೇಲೆ ಫೋಕಸ್ ಇಲ್ಲದಿದ್ದರೆ, ಪೈಗೇಮ್‌ಗೆ ಕೀಗಳು ಬರುವುದೇ ಇಲ್ಲ. ಮಕ್ಕಳು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವ ಜಾಗ ಇದು. ಆಮೇಲೆ ಲೂಪ್: ಈವೆಂಟ್ ಡಾಟ್ ವೇಟ್‌ನಿಂದ ಒಂದು ಘಟನೆ ತೆಗೆದುಕೊಳ್ಳಿ, ಅದು ಕೀಡೌನ್ ಆಗಿದ್ದು ಕೀ ಡಿಕ್ಷನರಿಯಲ್ಲಿದ್ದರೆ ಆ ಸೌಂಡನ್ನು ಪ್ಲೇ ಮಾಡಿ, ಕ್ವಿಟ್ ಆದರೆ ಹೊರಬನ್ನಿ. ಇಷ್ಟೇ. ಲೂಪಿನೊಳಗೆ ಫೈಲ್ ಲೋಡ್ ಬೇಡ, ಟೈಮ್ ಡಾಟ್ ಸ್ಲೀಪ್ ಬೇಡವೇ ಬೇಡ.

ವೇಟ್ ಎಂದರೆ ಇದೂ ಕಾಯುವುದಲ್ಲವೇ ಎಂದು ಮಕ್ಕಳು ಕೇಳಿಯಾರು. ಇದು ಕೀಗಾಗಿಯೇ ಕಾಯುವುದು, ಕೀ ಬಂದ ಕ್ಷಣ ಏಳುತ್ತದೆ. ಕ್ಲಾಕ್ ಟಿಕ್ 30 (ಸೆಕೆಂಡಿಗೆ 30 ಸುತ್ತು) ಎಂದು ಹಾಕಿ ಲೂಪ್ ತಿರುಗಿಸಿದರೆ, ಕೀ ಬಂದದ್ದು ತಿಳಿಯಲು 33 ಮಿಲಿಸೆಕೆಂಡಿನವರೆಗೂ ತಡವಾಗಬಹುದು. ಪರದೆಯ ಮೇಲೆ ವೇಷ ಕುಣಿಸುವ ಚಿತ್ರವೂ ಬೇಕಿದ್ದರೆ ಮಾತ್ರ ಟಿಕ್ 60 ಇಟ್ಟು ಈವೆಂಟ್ ಡಾಟ್ ಗೆಟ್ ಬಳಸಿ.

ಪ್ರಶ್ನೆ: ಪೈಗೇಮ್‌ನಲ್ಲೇ ಬರೆದಿದ್ದೇನೆ. ಆದರೂ ಕೈಗೂ ಕಿವಿಗೂ ಹೊಂದಿಕೆಯಿಲ್ಲ, ಪೆಟ್ಟು ಸ್ವಲ್ಪ ಹಿಂದೆ ಬೀಳುತ್ತದೆ. ವಿಳಂಬದಲ್ಲಿ ಸುಧಾರಿಸಬಹುದು, ಏರುಪದ್ಯಕ್ಕೆ ಹೋದರೆ ತಾಳವೇ ತಪ್ಪುತ್ತದೆ.
— ಹಿಮ್ಮೇಳದ ವಿದ್ಯಾರ್ಥಿ, ಕುಂಬಳೆ

ಉತ್ತರ: ತಡ ಒಂದೇ ಕಡೆಯಿಂದ ಬರುವುದಿಲ್ಲ. ಒಂದೊಂದನ್ನೇ ಬೇರ್ಪಡಿಸಿ ನೋಡಬೇಕು.

ಮೊದಲು ಬಫರ್. ಮಿಕ್ಸರ್ ಧ್ವನಿಯನ್ನು ತುಂಡುತುಂಡಾಗಿ ಕಳಿಸುತ್ತದೆ. ಹೊಸ ಪೆಟ್ಟು ಸೇರಿಕೊಳ್ಳುವುದು ಮುಂದಿನ ತುಂಡಿಗೆ. ಪೈಗೇಮ್ 2ಕ್ಕಿಂತ ಹಿಂದಿನ 1.9.1ರಿಂದಾಚೆಯ ಆವೃತ್ತಿಗಳಲ್ಲಿ ನಾವು ಏನೂ ಹೇಳದಿದ್ದರೆ ತುಂಡಿನ ಗಾತ್ರ 4096 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ), ವೇಗ ಸೆಕೆಂಡಿಗೆ 22050 ಸ್ಯಾಂಪಲ್. ಭಾಗಿಸಿ ನೋಡಿ: 186 ಮಿಲಿಸೆಕೆಂಡ್. ಇಷ್ಟು ತಡದಲ್ಲಿ ಯಾವ ಮದ್ದಳೆಗಾರನೂ ನುಡಿಸಲಾರ. ಪೈಗೇಮ್ 2ರಲ್ಲಿ ಅದನ್ನು 512 ಮತ್ತು 44100ಕ್ಕೆ ಬದಲಿಸಿದ್ದಾರೆ, ಅಂದರೆ 11.6 ಮಿಲಿಸೆಕೆಂಡ್. ಹಳೆಯ ಲ್ಯಾಪ್‌ಟಾಪಿನಲ್ಲಿ ಯಾವ ಆವೃತ್ತಿ ಇದೆಯೋ ಹೇಳಲಾಗದು, ಆದ್ದರಿಂದ ನೀವೇ ಸ್ಪಷ್ಟವಾಗಿ ಬರೆಯಿರಿ: ಮಿಕ್ಸರ್ ಡಾಟ್ ಪ್ರೀ ಇನಿಟ್, ಆವರಣದೊಳಗೆ 44100, ಮೈನಸ್ 16, 2, 512. ಈ ಸಾಲು ಪೈಗೇಮ್ ಡಾಟ್ ಇನಿಟ್‌ಗಿಂತ ಮೇಲೆ ಇರಬೇಕು. ಕೆಳಗಿದ್ದರೆ ಮಿಕ್ಸರ್ ಅಷ್ಟರಲ್ಲಿ ತೆರೆದಾಗಿರುತ್ತದೆ, ನಿಮ್ಮ ಸಾಲಿಗೆ ಬೆಲೆಯಿಲ್ಲ, ದೋಷವೆಂದೂ ತೋರಿಸುವುದಿಲ್ಲ. 256ಕ್ಕೂ ಇಳಿಸಿ ನೋಡಬಹುದು. ಕರಕರ ಸದ್ದು ಬಂದರೆ ಯಂತ್ರಕ್ಕೆ ಸಕಾಲಕ್ಕೆ ತುಂಬಿಸಲು ಆಗುತ್ತಿಲ್ಲ ಎಂದರ್ಥ. 512ಕ್ಕೆ, ಬೇಕಾದರೆ 1024ಕ್ಕೆ ಏರಿಸಿ. 1024 ಎಂದರೆ 23 ಮಿಲಿಸೆಕೆಂಡ್.

ಎರಡನೆಯದು ಫೈಲಿನ ತಲೆಯಲ್ಲಿರುವ ಮೌನ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ, ನಮ್ಮ ಪ್ರಕಾರ ಮೊದಲು ನೋಡಬೇಕಾದ್ದೇ ಇದು. ಫೋನಿನಲ್ಲಿ ಚೆಂಡೆಯ ಪೆಟ್ಟು ರೆಕಾರ್ಡ್ ಮಾಡಿ ಕತ್ತರಿಸುವಾಗ ಕೋಲು ಬೀಳುವ ಮೊದಲು ಕಾಲು ಸೆಕೆಂಡ್ ಉಳಿದಿದ್ದರೂ ಕಿವಿಗೆ ಗೊತ್ತಾಗುವುದಿಲ್ಲ. ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ತೆರೆದು, ಅಲೆ ಏಳುವ ಜಾಗವನ್ನು ಚೆನ್ನಾಗಿ ಹಿಗ್ಗಿಸಿ, ಅದರ ಹಿಂದಿನದ್ದನ್ನೆಲ್ಲ ಆಯ್ದು ಝಡ್ ಕೀ ಒತ್ತಿ. ಆಯ್ಕೆಯ ಅಂಚು ಅಲೆ ಶೂನ್ಯ ದಾಟುವ ಬಿಂದುವಿಗೆ ಸರಿಯುತ್ತದೆ. ಆಮೇಲೆ ಅಳಿಸಿದರೆ ಆರಂಭದಲ್ಲಿ ಟಿಕ್ ಎಂಬ ಸದ್ದು ಉಳಿಯುವುದಿಲ್ಲ. 16 ಬಿಟ್, 44100ರ ವೇವ್ ಆಗಿ ಉಳಿಸಿ. ಎಂಪಿ3 ಬೇಡ: ಎನ್‌ಕೋಡ್, ಡಿಕೋಡ್ ಆಗುವಾಗ ಫೈಲಿನ ಆರಂಭಕ್ಕೆ ಸುಮಾರು 25 ಮಿಲಿಸೆಕೆಂಡ್ ಮೌನ ಸೇರಿಕೊಳ್ಳಬಹುದು.

ಮೂರನೆಯದು ಸ್ಪೀಕರ್. ಬ್ಲೂಟೂತ್ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸುತ್ತಿದ್ದರೆ ಮೇಲಿನದ್ದೆಲ್ಲ ವ್ಯರ್ಥ. ಅದೊಂದೇ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಹೆಚ್ಚೇ ತಿನ್ನುತ್ತದೆ. ವಯರಿನ ಇಯರ್‌ಫೋನ್ ಹಾಕಿ ಪರೀಕ್ಷಿಸಿ.

ಪ್ರಶ್ನೆ: ಉರುಳಿಕೆ ನುಡಿಸುವಾಗ ನಡುನಡುವೆ ಪೆಟ್ಟುಗಳು ಮಾಯವಾಗುತ್ತವೆ. ತುಂಬಾ ಪೆಟ್ಟುಗಳು ಒಟ್ಟಿಗೆ ಬಂದಾಗ ಧ್ವನಿ ಒಡೆಯುತ್ತದೆ. ಶ್ರುತಿ ಪ್ರತಿ ಸುತ್ತಿಗೂ ಒಮ್ಮೆ ಕಡಿಯುತ್ತದೆ.
— ಅದೇ ಕುಂಬಳೆಯ ವಿದ್ಯಾರ್ಥಿ

ಉತ್ತರ: ಮಿಕ್ಸರ್‌ಗೆ ತಾನಾಗಿ ಇರುವ ಚಾನೆಲ್‌ಗಳು 8, ಒಂದು ಹೊತ್ತಿಗೆ ಒಂದು ಚಾನೆಲ್‌ನಲ್ಲಿ ಒಂದೇ ಧ್ವನಿ. ಶ್ರುತಿ ಒಂದನ್ನು ಹಿಡಿಯಿತು, ಉಳಿದದ್ದು 7. ನಿಮ್ಮ ಚೆಂಡೆಯ ಫೈಲ್ ನಾದ ಅಡಗುವವರೆಗೆ 2 ಸೆಕೆಂಡ್ ಇದ್ದು, ಸೆಕೆಂಡಿಗೆ 5 ಪೆಟ್ಟು ಹಾಕಿದರೆ ಒಮ್ಮೆಗೆ 10 ಚಾನೆಲ್ ಬೇಕು. ಖಾಲಿ ಚಾನೆಲ್ ಸಿಗದಾಗ ಪ್ಲೇ ಸುಮ್ಮನೆ ನನ್ (ಏನೂ ಇಲ್ಲ) ಎಂದು ಮರಳಿಸುತ್ತದೆ, ದೋಷ ಹೇಳುವುದಿಲ್ಲ. ಸೆಟ್ ನಮ್ ಚಾನೆಲ್ಸ್ 24 ಎಂದು ಹಾಕಿ. ಸೆಟ್ ರಿಸರ್ವ್ಡ್ 1 ಎಂದರೆ 0ನೆಯ ಚಾನೆಲ್ ಮೀಸಲಾಗುತ್ತದೆ, ಶ್ರುತಿಯನ್ನು ಅದಕ್ಕೇ ಕೊಡಿ. ಆದರೆ ಬರೀ ಸಂಖ್ಯೆ ಏರಿಸುವುದು ಅರ್ಧ ಪರಿಹಾರ. ಪೆಟ್ಟಿನ ಫೈಲನ್ನೂ ಅರ್ಧ ಸೆಕೆಂಡಿಗೆ ಇಳಿಸಿ, ಕೊನೆಯ ಭಾಗಕ್ಕೆ ಫೇಡ್ ಔಟ್ ಕೊಡಿ.

ಮದ್ದಳೆಗೆ ಇನ್ನೊಂದು ಗಮನ ಬೇಕು. ತೆರೆದ ಪೆಟ್ಟಿನ ನಾದ ಇರುವಾಗಲೇ ಮುಚ್ಚಿದ ಪೆಟ್ಟು ಬಿದ್ದರೆ ನಿಜವಾದ ವಾದ್ಯದಲ್ಲಿ ಹಳೆಯ ನಾದ ಅಡಗುತ್ತದೆ. ಪ್ರೋಗ್ರಾಂನಲ್ಲಿ ಎರಡೂ ಬೇರೆ ಚಾನೆಲಿಗೆ ಹೋಗಿ ಒಟ್ಟಿಗೆ ಕೇಳಿಸುತ್ತವೆ, ಹಿಮ್ಮೇಳ ಬಲ್ಲ ಕಿವಿಗೆ ಅದು ಕೃತಕ. ಮದ್ದಳೆಯ ಬಲಬದಿಗೆಂದೇ ಎರಡು ಚಾನೆಲ್ ಮೀಸಲಿಟ್ಟು ಸರದಿಯಲ್ಲಿ ಬಳಸಿ: ಹೊಸ ಪೆಟ್ಟನ್ನು ಒಂದರಲ್ಲಿ ಆರಂಭಿಸುವಾಗ ಇನ್ನೊಂದಕ್ಕೆ ಫೇಡ್‌ಔಟ್ 30 ಎನ್ನಿ. ಆಗ ಸೆಟ್ ರಿಸರ್ವ್ಡ್ 3 ಆಗಬೇಕು.

ಧ್ವನಿ ಒಡೆಯುವುದಕ್ಕೆ ಕಾರಣ ಕೂಡಿಕೆ. 16 ಬಿಟ್‌ನ ಮಿತಿ 32767. ಪೂರ್ಣ ಗಟ್ಟಿಯಾಗಿರುವ ಎರಡು ಅಲೆಗಳನ್ನು ಕೂಡಿದರೆ ಮಿತಿ ಮೀರಿ ತುದಿ ಕತ್ತರಿಸಿಹೋಗುತ್ತದೆ. ಪೆಟ್ಟುಗಳಿಗೆ ಸೆಟ್ ವಾಲ್ಯೂಮ್ 0.5, ಶ್ರುತಿಗೆ 0.2 ಇಟ್ಟು ಸ್ಪೀಕರಿನಲ್ಲಿ ಏರಿಸಿ.

ಶ್ರುತಿಗೆ 10 ಸೆಕೆಂಡಿನ ವೇವ್ ಸಾಕು. ಅದರ ಕೊನೆಯ 2 ಸೆಕೆಂಡನ್ನು ಕತ್ತರಿಸಿ ಆರಂಭದ ಮೇಲೆ ಕೂರಿಸಿ, ಕೊನೆಯದು ಇಳಿಯುತ್ತಾ ಆರಂಭ ಏರುವಂತೆ ಬೆಸೆಯಿರಿ. ಬಳಿಕ ಲೂಪ್ಸ್ ಮೈನಸ್ 1 ಕೊಟ್ಟು ಸೌಂಡ್ ಆಗಿ ನುಡಿಸಿ. ಎಂಪಿ3ಯನ್ನು ಸುತ್ತಿಸಿದರೆ ಅದರ ಆರಂಭಕ್ಕೆ ಸೇರಿಕೊಂಡ ಮೌನ ಪ್ರತಿ ಸುತ್ತಿಗೂ ಕೇಳಿಸುತ್ತದೆ. ಇಡೀ ಪದ್ಯದ ರೆಕಾರ್ಡಿಂಗ್ ಹಿನ್ನೆಲೆಗೆ ಬೇಕಿದ್ದರೆ ಮಾತ್ರ ಮಿಕ್ಸರ್ ಡಾಟ್ ಮ್ಯೂಸಿಕ್: ಸ್ಟೀರಿಯೋ ಧ್ವನಿ ಸೆಕೆಂಡಿಗೆ 1,76,400 ಬೈಟ್, 10 ನಿಮಿಷಕ್ಕೆ 100 ಎಂಬಿ ದಾಟುತ್ತದೆ. ಮ್ಯೂಸಿಕ್ ಅದನ್ನು ಡಿಸ್ಕಿನಿಂದ ಸ್ವಲ್ಪಸ್ವಲ್ಪವೇ ಓದುತ್ತದೆ.

ಪ್ರಶ್ನೆ: ಮೂರು ಕೀ ಒಟ್ಟಿಗೆ ಒತ್ತಿದರೆ ಎರಡೇ ಕೇಳುತ್ತದೆ. ಬೇರೆ ಮೂರು ಒತ್ತಿದರೆ ಸರಿಯಾಗಿದೆ.
— ಓದುಗರು, ಪೆರ್ಲ

ಉತ್ತರ: ತಪ್ಪು ಪ್ರೋಗ್ರಾಂನದ್ದಲ್ಲ. ಸಾಮಾನ್ಯ ಕೀಬೋರ್ಡಿನೊಳಗೆ ತಂತಿಗಳು ಅಡ್ಡಸಾಲು, ಉದ್ದಸಾಲುಗಳಾಗಿ ಹೆಣೆದಿರುತ್ತವೆ. ಒಂದು ಚೌಕದ ಮೂರು ಮೂಲೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಕಾಣುವುದರಿಂದ ಕೀಬೋರ್ಡ್ ಮೂರನೆಯದನ್ನು ಕೈಬಿಡುತ್ತದೆ. ಪ್ರತಿ ಕೀಡೌನನ್ನೂ ಪ್ರಿಂಟ್ ಮಾಡಿಸಿ, ನಿಮ್ಮ ಕೀಬೋರ್ಡಿನಲ್ಲಿ ಹೊಂದುವ ಕೀಗಳನ್ನೇ ಆರಿಸಿ. ಶಿಫ್ಟ್, ಕಂಟ್ರೋಲ್ ಕೀಗಳಿಗೆ ಸಾಮಾನ್ಯವಾಗಿ ಬೇರೆ ಸಾಲು ಇರುವುದರಿಂದ ಜಾಗಟೆಯನ್ನು ಅವಕ್ಕೆ ಕೊಡಬಹುದು.

ಪ್ರಶ್ನೆ: ಲ್ಯಾಬಿನಲ್ಲಿ ಒಬ್ಬರು ಕನ್ನಡ, ಇನ್ನೊಬ್ಬರು ಮಲಯಾಳ ಲೇಔಟ್ ಇಟ್ಟು ಹೋಗುತ್ತಾರೆ. ಆಗ ನಮ್ಮ ಕೀಗಳು ಕೆಲಸ ಮಾಡುವುದಿಲ್ಲ.
— ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಈವೆಂಟ್ ಡಾಟ್ ಕೀ ಎಂಬುದು ಲೇಔಟನ್ನು ಅವಲಂಬಿಸಿದೆ. ಈವೆಂಟ್ ಡಾಟ್ ಸ್ಕ್ಯಾನ್‌ಕೋಡ್ ಎಂಬುದು ಕೀ ಇರುವ ಜಾಗ, ಲೇಔಟ್ ಯಾವುದಿದ್ದರೂ ಬದಲಾಗದು. ಪೈಗೇಮ್ 2ರಲ್ಲಿ ಕೆ ಅಕ್ಷರದಿಂದ ಶುರುವಾಗುವ ಹೆಸರುಗಳ ಬದಲು ಕೆಸ್ಕ್ಯಾನ್‌ನಿಂದ ಶುರುವಾಗುವ ಹೆಸರುಗಳನ್ನು ಡಿಕ್ಷನರಿಯಲ್ಲಿಟ್ಟು, ಸ್ಕ್ಯಾನ್‌ಕೋಡ್ ಜೊತೆ ಹೋಲಿಸಿ. ಅಕ್ಷರ ಜೋಡಿಸುವ ತಂತ್ರಾಂಶ ಕೀಗಳನ್ನು ನಡುವೆಯೇ ಹಿಡಿದುಕೊಳ್ಳದಂತೆ ಆರಂಭದಲ್ಲೇ ಕೀ ಡಾಟ್ ಸ್ಟಾಪ್ ಟೆಕ್ಸ್ಟ್ ಇನ್‌ಪುಟ್ ಕರೆಯಿರಿ.

ಪ್ರಶ್ನೆ: ಇದನ್ನೇ ಬ್ರೌಸರಿನಲ್ಲಿ ಮಾಡಿದರೆ ಪುಟ ತೆರೆದಾಗ ಶ್ರುತಿ ಬರುವುದಿಲ್ಲ. ಕೀ ಒತ್ತಿ ಹಿಡಿದರೆ ಪೆಟ್ಟು ಪಟಪಟನೆ ಬರುತ್ತದೆ.
— ಓದುಗರು, ಉಪ್ಪಳ

ಉತ್ತರ: ಬಳಕೆದಾರ ಕೀ ಅಥವಾ ಮೌಸ್ ಒತ್ತುವವರೆಗೆ ಬ್ರೌಸರುಗಳು ಧ್ವನಿಯನ್ನು ತಡೆಹಿಡಿಯುತ್ತವೆ. ಮೊದಲ ಕೀಡೌನ್‌ನಲ್ಲಿ, ಬ್ರೌಸರಿನಲ್ಲಿ ಧ್ವನಿ ನುಡಿಸುವ ಆಡಿಯೋ ಕಾಂಟೆಕ್ಸ್ಟ್‌ನ ರೆಸ್ಯೂಮ್ ಕರೆದು ಅಲ್ಲಿಂದ ಶ್ರುತಿ ಆರಂಭಿಸಿ. ಪೈಗೇಮ್ ಒತ್ತಿ ಹಿಡಿದ ಕೀಯನ್ನು ಒಮ್ಮೆ ಮಾತ್ರ ತಿಳಿಸುತ್ತದೆ, ಬ್ರೌಸರು ಮತ್ತೆ ಮತ್ತೆ ತಿಳಿಸುತ್ತದೆ. ಈವೆಂಟ್ ಡಾಟ್ ರಿಪೀಟ್ ನಿಜವಾಗಿದ್ದರೆ ಏನೂ ಮಾಡದೆ ಮರಳಿ.