ಓದುಗರ ಪ್ರಶ್ನೆ: ಬಾಯಿ ಹಾಡುತ್ತೆ, ಮನಸ್ಸು ಹಾಡಲ್ಲ

ಪ್ರಶ್ನೆ: ನನಗೆ 27 ವರ್ಷ. ಊರು ಗದಗದ ಹತ್ತಿರ, ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಚರ್ಚಿನ ಭಾನುವಾರದ ಆರಾಧನೆ ತಪ್ಪಿಸಿಲ್ಲ. ಆಫೀಸಿನ ಗೆಳೆಯರು, ‘ಸತ್ತವನು ಎದ್ದ ಕತೆ ಇನ್ನೂ ನಂಬ್ತೀಯಾ?’ ಎಂದು ನಗುತ್ತಾರೆ. ಮೊದಲು ವಾದ ಮಾಡುತ್ತಿದ್ದೆ. ಈಗ ನನಗೇ ಅನುಮಾನ. ‘ನಂಬುತ್ತೇನೆ’ ಎಂದು ಎಲ್ಲರೂ ಸೇರಿ ವಿಶ್ವಾಸಪ್ರಮಾಣ ಹೇಳುವಾಗ ಬಾಯಿ ಮಾತ್ರ ಆಡುತ್ತೆ. ಇದು ಕಪಟ ಅಲ್ವಾ? ಹೋಗೋದು ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಗೆಳೆಯರ ಪರವಾಗಿ ಎರಡು ಮಾತು. ನಾನು ಜೀವನವಿಡೀ ಭೌತಶಾಸ್ತ್ರ ಪಾಠ ಮಾಡಿದ ಮೇಷ್ಟ್ರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದಾಗ ನಾನು ವಿದ್ಯಾರ್ಥಿ. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಅದೇ ಮಾತು. ನಾನು ಪೂರ್ತಿ ಎಚ್ಚೆನ್ (ನರಸಿಂಹಯ್ಯನವರ) ಪಕ್ಷ. ಈಗಲೂ. ಕೇಳಿದ್ದನ್ನೆಲ್ಲ ನಂಬುವವನು ಭಕ್ತ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಇನ್ನು ಪವಾಡಪುರುಷರಿಗೆ ಒಂದು ಲಕ್ಷ ರೂಪಾಯಿಯ ಸವಾಲು ಹಾಕಿದ ಅಬ್ರಹಾಂ ಕೋವೂರ್ ಇದ್ದರಲ್ಲ, ಅವರು ತಿರುವಲ್ಲಾದ ಮಾರ್ ತೋಮಾ ಸಭೆಯ ಪಾದ್ರಿಯೊಬ್ಬರ ಮಗ! ಅನುಮಾನ ನಿಮ್ಮ ಟೆಕ್ ಪಾರ್ಕಿನಲ್ಲಿ ಹುಟ್ಟಿದ್ದಲ್ಲ. ಅದು ನಮ್ಮ ಮನೆಗಳಲ್ಲೂ ಬೆಳೆದಿದೆ.

ಸಭೆಗಳೂ ಅನುಮಾನ ಪಡುತ್ತವೆ. ಫ್ರಾನ್ಸಿನ ಲೂರ್ದ್‌ನಲ್ಲಿ ರೋಗ ವಾಸಿಯಾಯಿತು ಎಂದವರನ್ನು ಪರೀಕ್ಷಿಸಲು 1883ರಿಂದಲೇ ವೈದ್ಯರ ಕಚೇರಿ ಇದೆ. ಬಂದ ವರದಿಗಳು ಏಳು ಸಾವಿರಕ್ಕೂ ಜಾಸ್ತಿ. ಅದರಲ್ಲಿ ಕಥೋಲಿಕ ಸಭೆ ಪವಾಡ ಎಂದು ಒಪ್ಪಿದ್ದು ಸುಮಾರು 70. ನಾನು ಪ್ರೊಟೆಸ್ಟೆಂಟ್, ಆ 70ರ ಬಗ್ಗೆಯೂ ನನ್ನದೇ ಪ್ರಶ್ನೆಗಳಿವೆ. ಆದರೆ ಉಳಿದದ್ದನ್ನು ಪಕ್ಕಕ್ಕಿಟ್ಟ ಧೈರ್ಯ ನನಗೆ ಇಷ್ಟ.

ಈಗ ನಿಮ್ಮ ವಿಷಯ. ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ ಕೊನೇ ಅಧ್ಯಾಯ ತೆಗೆಯಿರಿ. ಹನ್ನೊಂದು ಶಿಷ್ಯರು ಗಲಿಲಾಯದ ಬೆಟ್ಟದಲ್ಲಿ ಎದ್ದು ಬಂದ ಯೇಸುವನ್ನು ನೋಡುತ್ತಾರೆ. ಅಡ್ಡಬೀಳುತ್ತಾರೆ. ಕೆಲವರು ಸಂದೇಹಪಟ್ಟರು ಅಂತಲೂ ಅಲ್ಲೇ, ಅದೇ ವಾಕ್ಯದಲ್ಲಿದೆ. ಸಂದೇಹದವರು ಆ ಕಡೆ ನಿಲ್ಲಿ ಎಂದು ಯಾರೂ ಹೇಳಲಿಲ್ಲ. ಲೋಕಕ್ಕೆಲ್ಲ ಹೋಗಿ ಸಾರುವ ಕೆಲಸವನ್ನು ಅವರಿಗೂ ಸೇರಿಸಿಯೇ ಕೊಟ್ಟದ್ದು. ಇಷ್ಟು ದೊಡ್ಡ ಸುದ್ದಿ ಹೇಳುವಾಗ ಇಂಥ ಮಾತನ್ನು ಯಾರಾದರೂ ಅಳಿಸಿಬಿಡುತ್ತಾರೆ. ಬರೆದವನು ಅಳಿಸಲಿಲ್ಲ. ಆ ಪುಸ್ತಕದ ಮೇಲೆ ನನಗೆ ನಂಬಿಕೆ ಹೆಚ್ಚಿದ್ದೇ ಇಂಥ ಕಡೆ.

ಬೈಬಲಿನ ಕೀರ್ತನೆಗಳಲ್ಲಿ 88ನೆಯದನ್ನು ಓದಿ. ಬಹುತೇಕ ದುಃಖದ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗಲ್ಲ. ಕತ್ತಲಲ್ಲೇ ಮುಗಿಯುತ್ತೆ. ಅದನ್ನೂ ಆರಾಧನೆಯ ಹಾಡು ಎಂದೇ ಜೋಡಿಸಿ ಇಟ್ಟರು. ಶುಭಶುಕ್ರವಾರದ ಮೂರು ತಾಸಿನ ಆರಾಧನೆಯಲ್ಲಿ ನೀವು ಕೂತಿರುತ್ತೀರಿ. ‘ನನ್ನನ್ನು ಯಾಕೆ ಕೈಬಿಟ್ಟೆ’ ಎಂದು ಅಲ್ಲಿ ಶಿಲುಬೆಯ ಮೇಲಿಂದ ಕೇಳುವವನು ಯಾರು? ಯೇಸುವೇ. ನಿಮ್ಮ ಅನುಮಾನ ಅದಕ್ಕಿಂತ ದೊಡ್ಡದಾ?

ನಮ್ಮ ಧಾರವಾಡದ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಡಗಡೆ ಹೆಂಗಸರ ಸಾಲಿನಲ್ಲಿ, ಹಾರ್ಮೋನಿಯಂ ಪಕ್ಕದ ಚಾಪೆ ಅವರದು. ಮಗ ತೀರಿಕೊಂಡ ಮೇಲೆ ಅವರು ಹಾಡೋದು ಬಿಟ್ಟರು. ಬರೋದು ಬಿಡಲಿಲ್ಲ. ಪುಸ್ತಕ ಮಡಿಲಲ್ಲಿ ಮುಚ್ಚೇ ಇರುತ್ತಿತ್ತು, ಕನ್ನಡಕ ಅದರ ಮೇಲೆ. ಸುತ್ತಲಿನವರು ಹಾಡುತ್ತಿದ್ದರು. ಯಾಕೆ ಸುಮ್ನಿದ್ದೀರಿ ಎಂದು ಯಾರೂ ಕೇಳಲಿಲ್ಲ. (ನಮ್ಮ ಸಭೆಯಲ್ಲಿ ಒಂದು ವಿಷಯ ಕೇಳದೇ ಬಿಟ್ಟರು ಅಂದರೆ, ಎಚ್ಚೆನ್ ಸಮಿತಿಗೆ ಕಳಿಸಬಹುದಾದ ಪವಾಡ ಅದು.) ಈಗ ಹಾಡುತ್ತಾರೆ, ಅರ್ಧ ತಾಳ ಹಿಂದೆ. ಕೆಲವು ಹಾಡು ಬಂದರೆ ಈಗಲೂ ಬಾಯಿ ಮುಚ್ಚುತ್ತಾರೆ. ಅವರನ್ನು ಕಪಟಿ ಅನ್ನುತ್ತೀರಾ? ವಿಶ್ವಾಸಪ್ರಮಾಣವನ್ನು ಸಭೆಯೆಲ್ಲ ಸೇರಿ ಹೇಳೋದು ಇದಕ್ಕೇ. ಈ ವಾರ ನಿಮ್ಮ ಪಾಲನ್ನು ಪಕ್ಕದವರು ಹೇಳಲಿ. ಅವರಿಗೆ ಆಗದ ವಾರ ನೀವು ಹೇಳುವಿರಂತೆ.

ಗೆಳೆಯರಿಗೆ ಏನು ಹೇಳೋದು? ಅಪೊಸ್ತಲ ಪೌಲನೇ ಬೈಬಲಿನಲ್ಲಿ ಬರೆದಿದ್ದಾನೆ, ಕ್ರಿಸ್ತ ಎದ್ದಿಲ್ಲದಿದ್ದರೆ ನಮ್ಮ ನಂಬಿಕೆ ದಂಡ ಅಂತ. ಕೊರಿಂಥದವರಿಗೆ ಬರೆದ ಆ ಪತ್ರ, ಶಿಲುಬೆಯ ಸಾವಾಗಿ ಸುಮಾರು 25 ವರ್ಷದೊಳಗಿನದು. ಯೇಸುವನ್ನು ಕಂಡವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಅದರಲ್ಲಿ ಇದೆ. ಇದು ಲ್ಯಾಬಿನ ಸಾಬೀತಲ್ಲ. ಸಾಕ್ಷಿ. ‘ಸಾಕ್ಷಿಯನ್ನು ನಂಬಿದ್ದೇನೆ, ಕೆಲವು ದಿನ ಕಷ್ಟವಾಗುತ್ತೆ’ ಎಂದು ಹೇಳಿ ಚಹಾ ಕುಡಿಯಿರಿ. ವಾದ ಗೆದ್ದು ಯಾರೂ ಸಭೆಗೆ ಬಂದದ್ದನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ನಮ್ಮ ಸಭೆಯಲ್ಲಿ ಈಗ ಡ್ರಮ್ಸ್, ಗಿಟಾರ್, ಬರೀ ಕುಣಿಯೋ ಹಾಡು. ಬೇಸರದ ಮುಖ ಮಾಡಿದರೆ ‘ನಂಬಿಕೆ ಸಾಲದು’ ಅನ್ನುತ್ತಾರೆ. ಹಳೇ ಹಾಡುಗಳೇ ಒಳ್ಳೇದಲ್ವಾ? – ಓದುಗರು, ಹಾಸನ

ಉತ್ತರ: ಗಿಟಾರಿನ ಮೇಲೆ ನನಗೆ ಸಿಟ್ಟಿಲ್ಲ. 1862ರಲ್ಲಿ ಕಿಟೆಲ್ ಯೇಸುವಿನ ಜೀವನವನ್ನು ‘ಕಥಾಮಾಲೆ’ ಎಂದು ನಮ್ಮ ಛಂದಸ್ಸಿನಲ್ಲಿ ಬರೆದರು. ಆಗ ಅದೂ ಹೊಸದೇ. ಸಿಟ್ಟು ಬರೋದು ಅಳುವವರಿಗೆ ಜಾಗ ಇಲ್ಲದಾಗ. ನಿರೀಕ್ಷೆ ಅಂದರೆ ಹಲ್ಲು ಕಿರಿಯೋದಲ್ಲ. ವಾರಕ್ಕೊಂದು ದುಃಖದ ಕೀರ್ತನೆ ಓದಿಸಿ ಎಂದು ನಿಮ್ಮ ಅಯ್ಯನವರನ್ನು ಕೇಳಿ. ಡ್ರಮ್ಸ್ ಹುಡುಗನಿಗೂ ಸ್ವಲ್ಪ ವಿಶ್ರಾಂತಿ ಸಿಗುತ್ತೆ.

ಪ್ರಶ್ನೆ: ಮಗಳು ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ‘ಅಮ್ಮ, ಇಲ್ಲಿ ಯಾರೂ ಚರ್ಚಿಗೆ ಹೋಗಲ್ಲ, ನಾನೂ ಬಿಟ್ಟೆ’ ಅನ್ನುತ್ತಾಳೆ. ನಮಗೆ ಸುವಾರ್ತೆ ತಂದ ದೇಶ ಅದು! ದಿನಾ ಒಂದು ವಾಕ್ಯ ವಾಟ್ಸಾಪ್ ಮಾಡುತ್ತೇನೆ, ಉತ್ತರ ಇಲ್ಲ. – ತಾಯಿ, ಮಂಗಳೂರು

ಉತ್ತರ: ನಿಮ್ಮ ನೋವು ಗೊತ್ತಾಗುತ್ತೆ. 1834ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಮಂಗಳೂರಿಗೆ ಬಂದ ಮೊದಲ ಮೂವರಲ್ಲಿ ಒಬ್ಬರಾದ ಹೆಬಿಕ್, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತೆಗೆದ ಮೋಗ್ಲಿಂಗ್, ಇಬ್ಬರೂ ನಿಮ್ಮ ಮಗಳಿರುವ ಅದೇ ವುರ್ಟೆಂಬೆರ್ಗ್ ಸೀಮೆಯವರು. ಅಂಥ ಜರ್ಮನಿಯಲ್ಲಿ 2022ರ ಹೊತ್ತಿಗೆ ಕಥೋಲಿಕ, ಪ್ರೊಟೆಸ್ಟೆಂಟ್ ಎಂಬ ಎರಡು ದೊಡ್ಡ ಸಭೆಗಳ ಸದಸ್ಯರು ಸೇರಿದರೂ ಜನಸಂಖ್ಯೆಯ ಅರ್ಧ ದಾಟಲಿಲ್ಲ. ಅಲ್ಲಿ ಸದಸ್ಯರಿಗೆ ಚರ್ಚ್ ತೆರಿಗೆ ಬೇರೆ. ಸ್ಟುಟ್‌ಗಾರ್ಟ್ ಕಡೆ ಆದಾಯ ತೆರಿಗೆಯ ಮೇಲೆ ಶೇಕಡಾ 8. ಸರ್ಕಾರಿ ಕಚೇರಿಗೆ ಹೋಗಿ ಹೆಸರು ತೆಗೆಸಿದರೆ ಅದು ನಿಂತುಹೋಗುತ್ತೆ. ನಿಮ್ಮ ಮಗಳು ಹೇಳಿದ್ದು ಸುಳ್ಳಲ್ಲ.

ಪೂರ್ತಿ ನಿಜವೂ ಅಲ್ಲ. ಅದೇ ಊರಿನಲ್ಲಿ ಲಿಯೋನ್‌ಹಾರ್ಡ್ ಚರ್ಚ್ ಇದೆ. 1995ರಿಂದ ಚಳಿಗಾಲದಲ್ಲಿ ಕೆಲವು ವಾರ ಅದರೊಳಗೇ ಮೇಜು ಹಾಕಿ ಬಿಸಿ ಊಟ ಬಡಿಸುತ್ತಾರೆ. ಮನೆ ಇಲ್ಲದವರು, ಕಡಿಮೆ ಪಿಂಚಣಿಯ ಮುದುಕರು, ಒಂಟಿಯವರು, ಯಾರು ಬೇಕಾದರೂ ಬರಬಹುದು. ಫೆಸ್ಪರ್‌ಕಿರ್ಶೆ ಅನ್ನುತ್ತಾರೆ. ಇದನ್ನು ನೋಡಿ ಬೇರೆ ಊರುಗಳ ಚರ್ಚುಗಳೂ ಶುರುಮಾಡಿವೆ. ಬಡಿಸೋಕೆ ಸ್ವಯಂಸೇವಕರು ಬೇಕಾಗುತ್ತಾರೆ. ನಂಬುವವರೂ ಬರುತ್ತಾರೆ, ನಂಬದವರೂ ಬರುತ್ತಾರೆ.

ವಾಟ್ಸಾಪ್ ವಾಕ್ಯ ನಿಲ್ಲಿಸಿ. ಅದರ ಬದಲು ‘ಆ ಚರ್ಚಿನಲ್ಲಿ ಊಟ ಹಾಕ್ತಾರಂತೆ, ಒಂದು ಶನಿವಾರ ಹೋಗಿ ಬಡಿಸಿ ಬಾ, ಹೇಗಿತ್ತು ಹೇಳು’ ಎಂದು ಕೇಳಿ. ಫೋನ್ ಮಾಡಿ ಕೇಳಿ. ಹೋಗದಿದ್ದರೆ ಬೈಯಬೇಡಿ. ಹೋದರೆ ಏನು ಬಡಿಸಿದರು ಅಂತ ನನಗೂ ಬರೆಯಿರಿ.