ಬಟನ್ ಒತ್ತಿದರೂ ಪಿಸ್ತೂಲಿನ ಮ್ಯಾಗಜಿನ್ ಬೀಳದಿದ್ದರೆ

ಬಟನ್ ಒತ್ತಿದರೂ ಖಾಲಿ ಮ್ಯಾಗಜಿನ್ (ಹಿಡಿಯೊಳಗೆ ಕೂರುವ, ಗುಂಡು ತುಂಬುವ ಡಬ್ಬಿ) ಅರ್ಧ ಇಳಿದು ನಿಂತುಬಿಡುತ್ತದೆ, ಕೈಯಲ್ಲೇ ಎಳೆಯಬೇಕು ಅಂತಾದರೆ, ಹೆಚ್ಚಾಗಿ ಅದು ಒಳಗೆ ಎಲ್ಲೋ ಉಜ್ಜುತ್ತಿದೆ. ಒಂದೋ ಅದರ ಮೈ ಉಬ್ಬಿದೆ, ಇಲ್ಲ ಹಿಡಿಯೊಳಗೆ ಕೊಳೆ ಕೂತಿದೆ.

ಮೊದಲು ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಡಿ. ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಆಮೇಲೆ ಮ್ಯಾಗಜಿನ್‌ಗಳಿಗೆ ನಂಬರ್ ಬರೆದು ಒಂದೊಂದನ್ನೇ ಹಾಕಿ ಬೀಳಿಸಿ. ಒಂದೇ ಸಿಕ್ಕಿಕೊಂಡರೆ ದೋಷ ಅದರದ್ದೇ. ಎಲ್ಲವೂ ಸಿಕ್ಕಿಕೊಂಡರೆ ಪಿಸ್ತೂಲಿನದು.

ಸಿಕ್ಕಿಕೊಂಡದ್ದರ ಮೈಗೆ ಮಾರ್ಕರ್ ಬಳಿದು ನಾಲ್ಕೈದು ಸಲ ಹಾಕಿ ತೆಗೆಯಿರಿ. ಮಸಿ ಕೆರೆದುಹೋದ ಕಡೆಯೇ ಉಜ್ಜುತ್ತಿರುವ ಜಾಗ. ಮೇಲ್ತುದಿಯಲ್ಲಿ ಕೆರೆದಿದ್ದರೆ ಬಹುಶಃ ತುಟಿ (ಗುಂಡನ್ನು ಹಿಡಿದಿಡುವ ಮೇಲಿನ ಬಾಗಿದ ಅಂಚು) ಅಗಲವಾಗಿದೆ. ಇಕ್ಕಳ ಹಿಡಿದು ಬಗ್ಗಿಸಲು ಹೋಗಬೇಡಿ, ಹೊಸದೇ ತನ್ನಿ. (ನಾನು ಬಗ್ಗಿಸಿದ್ದೆ. ಆಮೇಲೆ ಗುಂಡು ಸರಿಯಾಗಿ ಮೇಲೇರಲೇ ಇಲ್ಲ.)

ದೋಷ ಪಿಸ್ತೂಲಿನದಾದರೆ ಹಿಡಿಯೊಳಗೆ ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಬೇಡ, ಧೂಳು ಜಾಸ್ತಿ ಅಂಟುತ್ತದೆ. ಈಚೆಗೆ ಹಿಡಿಯ ಎರಡು ಬದಿಯ ಪಟ್ಟಿ ಬದಲಿಸಿದ್ದೀರಾ? ಹಾಗಿದ್ದರೆ ನನ್ನ ಅನುಮಾನ ಆ ಪಟ್ಟಿಗೆ ಹಾಕಿದ, ಉದ್ದ ಜಾಸ್ತಿಯಾದ ಸ್ಕ್ರೂ ಮೇಲೆ. ಅದರ ತುದಿ ಒಳಗೆ ಚಾಚಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ.

ಹಾಂ, ತೀರಾ ಹಳೆಯ ಗ್ಲಾಕ್ (ಪಿಸ್ತೂಲಿನ ಒಂದು ಬ್ರ್ಯಾಂಡ್) ಮ್ಯಾಗಜಿನ್ ಆಗಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅವನ್ನು ತಾನಾಗಿ ಬೀಳುವಂತೆ ಮಾಡಿದ್ದೇ ಅಲ್ಲ.