ಯೋಧರನ್ನು ನೆನೆಯುವಾಗ ರಾಜಕೀಯ ಬದಿಗಿಡಲು ಆಗುತ್ತಾ?

ನೀವು ಕೇಳಿರುವುದು ಮೂರು ಪ್ರಶ್ನೆ. ಯುದ್ಧದಲ್ಲೋ ಉಗ್ರರ ದಾಳಿಯಲ್ಲೋ ಸತ್ತವರನ್ನು ನೆನೆಯುವಾಗ ರಾಜಕೀಯ ಬದಿಗಿಡಲು ಆಗುತ್ತಾ ಅನ್ನುವುದು ಒಂದು. ನಿಮ್ಮ ನಿಲುವು ಯಾವುದು, ವೋಟು ಯಾರಿಗೆ ಅನ್ನುವುದು ಇನ್ನೊಂದು. ಎಲ್ಲಿಗೆ ಹೋಗಿ ನೆನೆಯುತ್ತೀರಿ ಅನ್ನುವುದು ಮೂರನೆಯದು.

ಮೊದಲನೆಯದಕ್ಕೆ ನನ್ನ ಉತ್ತರ ಹೀಗಿದೆ. ಪಕ್ಷವನ್ನು ಬದಿಗಿಡಬಹುದು, ಇಡಲೇಬೇಕು. ರಾಜಕೀಯವನ್ನು ಇಡಲು ಆಗುವುದಿಲ್ಲ. ಯಾರಿಗೆ ಕಲ್ಲು ನಿಲ್ಲಿಸಬೇಕು, ಯಾರ ಕಲ್ಲು ಕೆಡವಬೇಕು, ಅದರ ಮೇಲೆ ಏನು ಬರೆಸಬೇಕು ಎಂದು ತೀರ್ಮಾನ ಮಾಡುವವರು ಅಧಿಕಾರದಲ್ಲಿ ಇರುವವರೇ ಅಲ್ವಾ? ಬೆಂಗಳೂರಿನಲ್ಲಿ ಓಡಾಡುವವರಿಗೆ ಇದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಹಡ್ಸನ್ ಸರ್ಕಲ್ ಹತ್ತಿರ ಹಿಂದೆ ಒಂದು ಎತ್ತರದ ಕಂಬ ಇತ್ತು. 1791ರಲ್ಲಿ ಟಿಪ್ಪುವಿನಿಂದ ಬೆಂಗಳೂರು ಕೋಟೆ ಕಿತ್ತುಕೊಳ್ಳುವಾಗ ಸತ್ತ ಬ್ರಿಟಿಷರ ನೆನಪಿಗೆ ಕಟ್ಟಿದ ಸೆನೋಟಾಫ್ ಅದು. ಆ ರಸ್ತೆಗೂ ಸೆನೋಟಾಫ್ ರೋಡ್ ಎಂದೇ ಹೆಸರು. ಕನ್ನಡ ಹೋರಾಟಗಾರರು ಪಟ್ಟು ಹಿಡಿದರು, ವಾಟಾಳ್ ನಾಗರಾಜ್ ಅವರಲ್ಲಿ ಮುಂದೆ ಇದ್ದರು. 1964ರ ಅಕ್ಟೋಬರ್‌ನಲ್ಲಿ ಕಾರ್ಪೊರೇಷನ್ ಕಂಬವನ್ನು ಕೆಡವಿತು. ರಸ್ತೆ ನೃಪತುಂಗ ರಸ್ತೆ ಆಯಿತು. ಹೋದ ಕಂಬಕ್ಕಾಗಿ ನನಗೆ ಬೇಜಾರಿಲ್ಲ. ನಮ್ಮೂರನ್ನು ಹೊಡೆದವರು ತಮಗೆ ತಾವೇ ಕಟ್ಟಿಕೊಂಡದ್ದು, ಹೋಯಿತು.

ಆದರೆ ಆ ಕೋಟೆಯನ್ನು ಕಾಯುತ್ತಾ ಸತ್ತವರ ಕಥೆ ಏನಾಯಿತು? ಕೋಟೆಯ ಹೊಣೆ ಹೊತ್ತಿದ್ದ ಕಿಲ್ಲೇದಾರ ಬಹಾದೂರ್ ಖಾನ್ ಕೊನೆಯವರೆಗೂ ಹೋರಾಡಿ ಅಲ್ಲೇ ಬಿದ್ದ. ಅವನ ಜೊತೆ ಎಷ್ಟೋ ಜನ. ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಗೆ ಹೋದರೆ ಗೋಡೆಯಲ್ಲಿ ಒಂದು ಹಳೆಯ ಫಲಕ ಇದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಇಲ್ಲಿ ಗೋಡೆ ಒಡೆದು ನುಗ್ಗಿದರು ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಒಡೆದವರ ಕಡೆಯ ಮಾತು. ಒಳಗೆ ನಿಂತಿದ್ದವರ ಸುದ್ದಿ ಅದರಲ್ಲಿ ಇಲ್ಲ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ನಿಲ್ಲಿಸಿತು. ಬೀದಿಯಲ್ಲೂ ಟಿವಿಯಲ್ಲೂ ಅಷ್ಟು ಜಗಳ ನಡೆಯಿತು. ರಾಜನ ಬಗ್ಗೆ ಎರಡೂ ಕಡೆಯವರಿಗೆ ಹೇಳಲು ಬೇಕಾದಷ್ಟಿತ್ತು. ಗೋಡೆ ಹಿಂದೆ ನಿಂತಿದ್ದ ಸಿಪಾಯಿಯನ್ನು ಯಾರೂ ಕೇಳಲಿಲ್ಲ.

ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ತುರ್ಕರಿಂದ ಹೈಫಾ ಪಟ್ಟಣ ಗೆದ್ದವರು ಇವರು. ಕೈಯಲ್ಲಿ ಭರ್ಜಿ, ಎದುರಿಗೆ ಮೆಷಿನ್ ಗನ್ನು. ಬ್ರಿಟಿಷರ ಯುದ್ಧಕ್ಕೆ ಮೈಸೂರಿನ ಮಹಾರಾಜರು ಕಳಿಸಿದ ಕುದುರೆ ಪಡೆ. ಹೈಫಾ ಈಗ ಇಸ್ರೇಲಿನಲ್ಲಿದೆ. ಆ ಸವಾರರಿಗೆ ಇಸ್ರೇಲ್ ಎನ್ನುವ ದೇಶ ಗೊತ್ತಿರಲು ಸಾಧ್ಯವೇ ಇಲ್ಲ, ಅದು ಹುಟ್ಟಿದ್ದೇ 1948ರಲ್ಲಿ. ಆದರೂ 2018ರಲ್ಲಿ ಇಸ್ರೇಲ್ ಪ್ರಧಾನಿ ಬಂದಾಗ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾ ಹೆಸರು ಸೇರಿತು. ಒಳ್ಳೆಯದೇ, ಅವರ ಹೆಸರು ನಾಲ್ಕು ಜನರ ಬಾಯಲ್ಲಿ ಬಂತು. ಸತ್ತವರು ಮಾತ್ರ ಯಾರು ಯಾವ ಕೆಲಸಕ್ಕೆ ಕರೆದರೂ ಬರಬೇಕಾಗುತ್ತದೆ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ವೀರಗಲ್ಲು.

ಬೆಂಗಳೂರು ಎನ್ನುವ ಹೆಸರು ಸಿಗುವ ಅತಿ ಹಳೆಯ ಶಾಸನ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿದೆ. ಸುಮಾರು 890ರದು. ಅದು ಯಾರೋ ಕೊಟ್ಟ ದಾನದ ಲೆಕ್ಕ ಅಲ್ಲ, ಬೆಂಗಳೂರ ಕಾಳಗದಲ್ಲಿ ಆದ ಸಾವಿನ ಸುದ್ದಿ. ಅಂದರೆ ಈ ಊರಿನ ಹೆಸರು ಮೊದಲು ಬರೆದಿಟ್ಟದ್ದೇ ಸತ್ತವರನ್ನು ನೆನೆಯುವುದಕ್ಕೆ. ಅದೇ ಬೇಗೂರಿನ ದೊಡ್ಡ ವೀರಗಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರಲ್ಲಿ ನಾಗತ್ತರ ಎನ್ನುವ ವೀರ ಗಂಗ ಅರಸರ ಪರವಾಗಿ ವೀರಮಹೇಂದ್ರ ಎನ್ನುವ ಎದುರಾಳಿಯ ಮೇಲೆ ಕಾದಿ ಸತ್ತ ಯುದ್ಧವನ್ನು ಕೆತ್ತಿದ್ದಾರೆ. ಆನೆ, ಕುದುರೆ, ಬಿಲ್ಲು, ಬಿದ್ದವರು, ಎಲ್ಲ ಇದೆ. ಅದೇ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲೂ ಇದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎನ್ನುವ ನಾಯಿಗೆ ಹಾಕಿಸಿದ್ದು! ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲು ಅದನ್ನೇ ತೋರಿಸಿ.

ನಮ್ಮ ಹಳ್ಳಿಗಳ ಕಡೆ ಇರುವ ಸಾಮಾನ್ಯ ವೀರಗಲ್ಲನ್ನು ನೀವು ನೋಡಿರುತ್ತೀರಿ. ಹೆಚ್ಚಿನವುಗಳಲ್ಲಿ ಮೂರು ಪಟ್ಟಿ. ಮೇಲಿನದರಲ್ಲಿ ಸತ್ತವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಹೊತ್ತು ಹೋಗುತ್ತಿರುತ್ತಾರೆ. ಕೆಳಗಿನದರಲ್ಲಿ ಜಗಳ. ಯಾರ ಮೇಲೆ ಹೋದ, ದನ ಬಿಡಿಸಲು ಹೋದನಾ, ಊರು ಕಾಯಲು ಹೋದನಾ, ಎದುರಿಗೆ ಎಷ್ಟು ಜನ ಇದ್ದರು, ಹೇಗೆ ಸತ್ತ, ಎಲ್ಲ ಅಲ್ಲಿ.

ಈಗಿನ ನಮ್ಮ ನೆನಪಿನಲ್ಲಿ ಮೇಲಿನ ಎರಡು ಪಟ್ಟಿ ಮಾತ್ರ ಉಳಿದಿವೆ. ಸ್ವರ್ಗ ಇದೆ, ಮೆರವಣಿಗೆ ಇದೆ. ಕೆಳಗಿನದನ್ನು ಉಜ್ಜಿ ಹಾಕಿದ್ದೇವೆ. ಹೇಗೆ ಸತ್ತ, ಯಾಕೆ ಸತ್ತ ಎಂದು ಕೇಳಿದರೆ ಸೈನ್ಯಕ್ಕೆ ಅವಮಾನ ಮಾಡಿದ ಹಾಗೆ. ನನ್ನ ರಾಜಕೀಯ ಏನು ಎಂದು ಕೇಳಿದಿರಲ್ಲ, ಅದು ಇದೇ. ಕೆಳಗಿನ ಪಟ್ಟಿ ಬೇಕು ಎನ್ನುವವನು ನಾನು.

ನಮ್ಮ ವಾಯುಪಡೆಯ ಪೈಲಟ್, ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆ ತೆಗೆದುಕೊಳ್ಳಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದೂ ಒಂದು. ವಾಪಸ್ ಬರಲಿಲ್ಲ. ಏನಾಯಿತು ಎಂದು ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. ವರ್ಷಗಳ ನಂತರ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ ವಿಷಯ ಹೊರಬಂತು. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಹೊಡೆದು ಕೆಡವಿ ಅವರು ಸತ್ತಿದ್ದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ! ಅಷ್ಟೂ ವರ್ಷ ಅವರಿಗೆ ಬೇಕಾಗಿದ್ದದ್ದು ಹೂವಿನ ಹಾರ ಅಲ್ಲ. ಆವತ್ತು ಆಕಾಶದಲ್ಲಿ ಏನು ನಡೆಯಿತು ಎಂದು ಯಾರಾದರೂ ಹುಡುಕಬೇಕಿತ್ತು. ಇವತ್ತು ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ.

ಇನ್ನು 1962. ಚೀನಾ ಎದುರು ಯಾಕೆ ಸೋತೆವು ಎಂದು ಸೈನ್ಯವೇ ತನಿಖೆ ಮಾಡಿಸಿತು. ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎನ್ನುವ ಇಬ್ಬರು ಅಧಿಕಾರಿಗಳು 1963ರಲ್ಲಿ ವರದಿ ಕೊಟ್ಟರು. ಅದನ್ನು ಸರ್ಕಾರ ಬಿಡುಗಡೆ ಮಾಡಿಲ್ಲ. ಕಾಂಗ್ರೆಸ್ ಇದ್ದಾಗಲೂ ಮಾಡಲಿಲ್ಲ, ಬಿಜೆಪಿ ಬಂದಾಗಲೂ ಮಾಡಲಿಲ್ಲ. 2014ರಲ್ಲಿ ವಿದೇಶಿ ಪತ್ರಕರ್ತರೊಬ್ಬರು ಒಂದು ಭಾಗವನ್ನು ಇಂಟರ್‌ನೆಟ್‌ಗೆ ಹಾಕಿದರು, ನಮಗೆ ಸಿಕ್ಕಿದ್ದು ಅಷ್ಟು. ಹಿಮದಲ್ಲಿ ಹತ್ತಿ ಬಟ್ಟೆ ಹಾಕಿಕೊಂಡು ನಿಂತು ಸತ್ತವರ ಮೊಮ್ಮಕ್ಕಳಿಗೂ ಮಕ್ಕಳಾಗಿವೆ. ಇನ್ನೂ ಯಾವ ಗುಟ್ಟು ಕಾಪಾಡುತ್ತಿದ್ದಾರೋ. ಕಾರ್ಗಿಲ್ ವಿಷಯದಲ್ಲಿ ಇದಕ್ಕಿಂತ ವಾಸಿ. 527 ಜನ ಸತ್ತ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ವಾಜಪೇಯಿ ಸರ್ಕಾರ ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಮಾಡಿತು. 2000ದ ಫೆಬ್ರವರಿಯಲ್ಲಿ ವರದಿ ಸಂಸತ್ತಿಗೆ ಬಂತು. ಕೆಲವು ಭಾಗ ಮುಚ್ಚಿಟ್ಟರು, ಆದರೂ ಗುಪ್ತಚರ ವ್ಯವಸ್ಥೆ ಎಲ್ಲಿ ಸೋತಿತು ಎಂದು ಓದಲು ಸಿಕ್ಕಿತು. ಹಾಗೆ ಮಾಡಿದ್ದರಿಂದ ಸೈನ್ಯದ ಮರ್ಯಾದೆ ಏನೂ ಹೋಗಲಿಲ್ಲ.

ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಇರುವವರು ಒಬ್ಬ ನಿವೃತ್ತ ಹವಾಲ್ದಾರ್. ಬೆಂಗಳೂರಿನಲ್ಲಿ ಇಂಥವರು ಬಹಳ ಜನ. ಗಣರಾಜ್ಯೋತ್ಸವಕ್ಕೆ ಅವರಿಂದಲೇ ಬಾವುಟ ಹಾರಿಸಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡರು. ಮಾರನೆಯ ದಿನ ಅದೇ ಫೋಟೋದಲ್ಲಿ ಪಕ್ಕ ನಿಂತಿದ್ದವರು ಗೇಟು ತೆಗೆಯುವುದು ತಡವಾಯಿತು ಎಂದು ಹಾರ್ನ್ ಹೊಡೆದೇ ಹೊಡೆದರು. ಅದು ಇರಲಿ. ಎಲ್ಲಿ ಇದ್ದಿರಿ, ಹೇಗಿತ್ತು ಎಂದು ಒಂದು ಸಂಜೆ ಕೂತು ಕೇಳಿದೆ. ಸಿಯಾಚಿನ್‌ನಲ್ಲಿ ಇದ್ದರಂತೆ. ಗುಂಡಿನ ಮಾತೇ ಅವರ ಬಾಯಲ್ಲಿ ಬರಲಿಲ್ಲ. ಕಾಲುಚೀಲ ಒದ್ದೆ ಆಗದ ಹಾಗೆ ನೋಡಿಕೊಳ್ಳುವುದು, ರಾತ್ರಿ ಉಸಿರು ಕಟ್ಟುವುದು, ಹಿಮ ಜಾರುವ ಸದ್ದು ಕೇಳಿದರೆ ಏನು ಮಾಡಬೇಕು, ಇವೇ. ಅಲ್ಲಿ ಶತ್ರುವಿನ ಗುಂಡಿಗಿಂತ ಚಳಿಗೆ, ಹಿಮಕುಸಿತಕ್ಕೆ ಸತ್ತವರೇ ಜಾಸ್ತಿ.

2016ರ ಫೆಬ್ರವರಿ 3ರಂದು ಅಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಜನ ಹೂತು ಹೋದರು. ಮೂವರು ನಮ್ಮ ರಾಜ್ಯದವರು. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಆದ ಮೇಲೂ ಜೀವಂತ ಸಿಕ್ಕರು. ಇಡೀ ರಾಜ್ಯ ಪೂಜೆ ಮಾಡಿಸಿತು. 11ರಂದು ಹೋಗಿಬಿಟ್ಟರು. ಆವತ್ತು ಎಲ್ಲರ ಸ್ಟೇಟಸ್‌ನಲ್ಲೂ ಅವರ ಮುಖ. ಅದಕ್ಕೂ ನಾಲ್ಕು ವರ್ಷ ಮೊದಲು, 2012ರ ಏಪ್ರಿಲ್‌ನಲ್ಲಿ, ಆಚೆ ಕಡೆ ಗಯಾರಿ ಎನ್ನುವಲ್ಲಿ ಇಂಥದೇ ಹಿಮಕುಸಿತಕ್ಕೆ ಪಾಕಿಸ್ತಾನದ 140 ಜನ ಹೂತುಹೋಗಿದ್ದರು. ಎರಡೂ ದೇಶ ಅಲ್ಲಿಂದ ಇಳಿಯುವ ಬಗ್ಗೆ ಮತ್ತೆ ಮಾತಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ನಾವು ಇಳಿದರೆ ಅವರು ಹತ್ತಿ ಕೂರುತ್ತಾರೆ, ಕಾರ್ಗಿಲ್‌ನಲ್ಲಿ ಮಾಡಿದ್ದು ಅದನ್ನೇ ಅಲ್ವಾ ಎಂದು ನಮ್ಮ ಹವಾಲ್ದಾರ್ ವಾದ ಮಾಡುತ್ತಾರೆ. ಆ ಮಾತಿನಲ್ಲೂ ತೂಕ ಇದೆ. ನಾವಿಬ್ಬರೂ ಒಪ್ಪುವುದಿಲ್ಲ, ಆದರೆ ಅವರು ನನ್ನನ್ನು ದೇಶದ್ರೋಹಿ ಎಂದು ಕರೆದಿಲ್ಲ. ಹಾಗೆ ಕರೆದವರು ಬೇರೆ, ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ನೋಡಿದವರು.

ಪುಲ್ವಾಮಾ ಬಗ್ಗೆಯೂ ಹೇಳಬೇಕು. 2019ರ ಫೆಬ್ರವರಿ 14ರಂದು ಕಾಶ್ಮೀರದ ಆ ಊರಿನ ಹತ್ತಿರ ಹೆದ್ದಾರಿಯಲ್ಲಿ ಉಗ್ರನ ಆತ್ಮಾಹುತಿ ದಾಳಿಗೆ ಸಿಆರ್‌ಪಿಎಫ್‌ನ 40 ಜನ ಸತ್ತರು. ಮದ್ದೂರು ತಾಲೂಕಿನ ಗುಡಿಗೆರೆಯ ಎಚ್. ಗುರು ಅವರಲ್ಲಿ ಒಬ್ಬರು. ಮುಂದಿನ ವರ್ಷದ ಆಗಸ್ಟ್‌ನಲ್ಲಿ ರಾಷ್ಟ್ರೀಯ ತನಿಖಾ ದಳ (ಎನ್‌ಐಎ) 19 ಜನರ ಮೇಲೆ ಆರೋಪಪಟ್ಟಿ ಹಾಕಿತು. ಮಾಡಿದವರು ಯಾರು ಎನ್ನುವುದಕ್ಕೆ ಅದು ಉತ್ತರ. ಎರಡೂವರೆ ಸಾವಿರ ಜನರನ್ನು ಒಂದೇ ಸಾಲಿನಲ್ಲಿ ಆ ಹೆದ್ದಾರಿಯಲ್ಲಿ ಕಳಿಸುವ ತೀರ್ಮಾನ ಹೇಗಾಯಿತು ಎನ್ನುವುದು ಬೇರೆ ಪ್ರಶ್ನೆ. ಅದನ್ನು ಕೇಳಿದವರ ಬಾಯಿ ಮುಚ್ಚಿಸಿದ್ದೇ ಜಾಸ್ತಿ. ಯೋಧರ ಫೋಟೋ ಪ್ರಚಾರಕ್ಕೆ ಬಳಸಬೇಡಿ ಎಂದು ಚುನಾವಣಾ ಆಯೋಗ 2013ರಲ್ಲೇ ಹೇಳಿತ್ತು, 2019ರ ಮಾರ್ಚ್‌ನಲ್ಲಿ ಮತ್ತೆ ಹೇಳಬೇಕಾಯಿತು. ಏಪ್ರಿಲ್‌ನಲ್ಲಿ ಲಾತೂರಿನ ಭಾಷಣದಲ್ಲಿ ಪ್ರಧಾನಿಯವರು, ನಿಮ್ಮ ಮೊದಲ ವೋಟನ್ನು ಬಾಲಾಕೋಟ್ ದಾಳಿ ಮಾಡಿದ ವೀರರಿಗೆ, ಪುಲ್ವಾಮಾದಲ್ಲಿ ಮಡಿದವರಿಗೆ ಅರ್ಪಿಸುತ್ತೀರಾ ಎಂದು ಯುವಕರನ್ನು ಕೇಳಿದರು. ಆಯೋಗ ತಪ್ಪಿಲ್ಲ ಅಂತು. ನನಗೆ ತಪ್ಪು ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಹಾಗಂತ ಇದನ್ನು ಒಂದೇ ಪಕ್ಷ ಕಂಡುಹಿಡಿಯಿತು ಅನ್ನಬೇಡಿ. ಬಾಂಗ್ಲಾ ಯುದ್ಧ ಗೆದ್ದ ಮೂರೇ ತಿಂಗಳಿಗೆ, 1972ರಲ್ಲಿ, ವಿಧಾನಸಭೆ ಚುನಾವಣೆಗಳಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ಆ ಗೆಲುವಿನ ಗಾಳಿ ಚೆನ್ನಾಗಿಯೇ ಬೀಸಿತ್ತು. ನಮ್ಮಲ್ಲಿ ದೇವರಾಜ ಅರಸು ಬಂದದ್ದು ಆ ಚುನಾವಣೆಯಲ್ಲೇ.

ಎಲ್ಲಿಗೆ ಹೋಗಿ ನೆನೆಯುತ್ತೀರಿ ಎಂದೂ ಕೇಳಿದ್ದೀರಿ. ನೆಹರು ತಾರಾಲಯದ ಹತ್ತಿರ ರಾಷ್ಟ್ರೀಯ ಸೈನಿಕ ಸ್ಮಾರಕ ಇದೆ. ಕಟ್ಟುವಾಗ ಮರಗಳ ವಿಷಯಕ್ಕೆ ಗಲಾಟೆಯಾಗಿ ಕೋರ್ಟಿಗೂ ಹೋಗಿತ್ತು. ಅಲ್ಲಿ 75 ಅಡಿಯ ಒಂದೇ ಕಲ್ಲಿನ ವೀರಗಲ್ಲು ನಿಲ್ಲಿಸಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಲ್ಲಲ್ಲ, ಹೆಸರು ಕೆತ್ತಿದ ಗ್ರಾನೈಟ್ ಗೋಡೆಗಳು. ಸ್ವಾತಂತ್ರ್ಯದ ನಂತರ ಸತ್ತ 20 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಇವೆ. ಸುಮ್ನೆ ಒಂದು ಹೆಸರು ಆರಿಸಿಕೊಂಡು ಮನೆಗೆ ಬಂದು ಹುಡುಕಿ. ಯಾವ ಊರು, ಯಾವ ರೆಜಿಮೆಂಟು, ಎಲ್ಲಿ ಸತ್ತರು, ಅಲ್ಲಿಗೆ ಯಾಕೆ ಕಳಿಸಿದ್ದರು. ಎಷ್ಟೋ ಹೆಸರಿಗೆ ಏನೂ ಸಿಗುವುದಿಲ್ಲ. ಸಿಕ್ಕಿದ್ದನ್ನು ಬರೆದಿಡಿ.

ಉಳಿದದ್ದು ವೋಟಿನ ಪ್ರಶ್ನೆ. ಒಂದೇ ಪಕ್ಷಕ್ಕೆ ಅಂಟಿಕೊಂಡವನಲ್ಲ, ಎರಡೂ ಕಡೆ ಹಾಕಿದ್ದೇನೆ. ಯೋಧನ ಫೋಟೋ ಹಾಕಿಕೊಂಡು ಬಂದ ಕರಪತ್ರದ ಅಭ್ಯರ್ಥಿಗೆ ಹಾಕುವುದಿಲ್ಲ, ಆತ ಯಾವ ಪಕ್ಷದವನಾದರೂ ಸರಿ. 1962ರ ಆ ವರದಿಯನ್ನು ಬಿಡುಗಡೆ ಮಾಡುತ್ತೇವೆ ಎಂದು ಪ್ರಣಾಳಿಕೆಯಲ್ಲಿ ಬರೆದು, ಗೆದ್ದ ಮೇಲೆ ನಿಜವಾಗಿಯೂ ಮಾಡುವ ಪಕ್ಷ ಯಾವುದಾದರೂ ಇದ್ದರೆ ಹೇಳಿ, ಮುಂದಿನ ಸಲದ ವೋಟು ಅವರಿಗೇ.